ದೋಣಿ ಹತ್ತುವ ಮುನ್ನ ಆಚೆ ದಡ ನೋಡಿ

ಕೋಲಾರದವರಿಗೆ ಅಲೆಯ ಪರಿಚಯ ಕಡಿಮೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ನನ್ನ ತಲೆಮಾರಿನವರು ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಕೆರೆ ಎಂದರೆ ನಮಗೆ ಬಿರುಕು ಬಿಟ್ಟ ಮಣ್ಣು, ಜಾಲಿ ಮುಳ್ಳು, ಏರಿಯ ಮೇಲೆ ಧೂಳೆಬ್ಬಿಸಿ ಹೋಗುವ ಬೈಕು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಿತು. 2021ರ ನವೆಂಬರ್ ಮಳೆಗೆ ಸಾಲು ಸಾಲು ಕೆರೆಗಳು ಕೋಡಿ ಹರಿದವು. ನೀರು ನಿಂತ ಕಡೆ ದೋಣಿಯ ಆಸೆಯೂ ಬರುತ್ತದೆ. ಇಲ್ಲಿ ಸಿಗದಿದ್ದರೆ ಮಕ್ಕಳನ್ನು ಕರೆದುಕೊಂಡು ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತೇವೆ. ಆದರೆ ಕೆರೆ ಒಂದು ಮಳೆಗೆ ತುಂಬಬಹುದು, ನೀರನ್ನು ಓದುವ ಕಣ್ಣು ಒಂದು ಮಳೆಗೆ ಬರುವುದಿಲ್ಲ.

ನನಗೆ ಬುದ್ಧಿ ಬಂದದ್ದು ಒಂದು ಆಷಾಢದ ಭಾನುವಾರ. ನಮ್ಮ ಕಡೆಯದೇ ಒಂದು ಕೆರೆ, ಹೆಸರು ಬೇಡ. ದೋಣಿಕಟ್ಟೆ ಪಡುವಣ ದಡದಲ್ಲಿ, ಹೊಂಗೆ ಮರಗಳ ಮರೆಯಲ್ಲಿತ್ತು. ನೀರು ತಟ್ಟೆಯಲ್ಲಿ ಹಿಡಿದಂತೆ ಅಲುಗದೆ ನಿಂತಿತ್ತು. "ಏನೂ ಆಗುವುದಿಲ್ಲ, ಒಂದು ಸುತ್ತು ಹೋಗಿ ಬನ್ನಿ ಸಾರ್" ಎಂದು ಟಿಕೆಟ್ ಹರಿದುಕೊಟ್ಟ ಹುಡುಗ ಹೇಳಿದ. ಹಂಸದ ಕತ್ತು, ಮೇಲೊಂದು ಫೈಬರ್ ಚಾವಣಿ ಇದ್ದ ಪೆಡಲ್ ದೋಣಿ. ನಾನು, ತಂಗಿ, ಅವಳ ಇಬ್ಬರು ಮಕ್ಕಳು. ಹೋಗುವಾಗ ಹೂವೆತ್ತಿದಷ್ಟು ಹಗುರ. ಅದು ನಮ್ಮ ಕಾಲಿನ ಕಸುವೆಂದೇ ಹಿಗ್ಗಿದೆವು. ಕೆರೆಯ ನಡುವೆ ದೋಣಿ ತಿರುಗಿಸಲು ಹೋದಾಗ ತಿಳಿಯಿತು, ಅಷ್ಟು ಹೊತ್ತು ಅದನ್ನು ನಡೆಸಿದ್ದು ಬೆನ್ನ ಹಿಂದಿನ ಗಾಳಿ.

ಹಂಸದ ಕತ್ತು ಒಂದು ಗಳಿಗೆ ದೋಣಿಕಟ್ಟೆಯ ಕಡೆ ತಿರುಗುವುದು, ಗಾಳಿ ತಟ್ಟುತ್ತಲೇ ಮತ್ತೆ ಮೂಡಲಿಗೆ ಹೊರಳುವುದು. ಇಪ್ಪತ್ತು ನಿಮಿಷ ಪೆಡಲ್ ತುಳಿದೆವು. ಹೊಂಗೆ ಮರಗಳು ಚಿಕ್ಕದಾಗುತ್ತಲೇ ಹೋದವು. ಕಡೆಗೆ ದೋಣಿ ಏರಿಯ ಕಲ್ಲುಕಟ್ಟಣೆಗೆ ಧಡ್ ಧಡ್ ಎಂದು ಬಡಿಯತೊಡಗಿತು. ನಾನು ಒಂದು ಜಾಲಿ ಕೊಂಬೆ ಹಿಡಿದುಕೊಂಡೆ, ಅಂಗೈಯಲ್ಲಿ ಮೂರು ಮುಳ್ಳು. ಮಕ್ಕಳನ್ನು ಒಬ್ಬೊಬ್ಬರಾಗಿ ಕಲ್ಲಿನ ಮೇಲೆ ಇಳಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಏರಿಯುದ್ದ ನಡೆದು ಬಂದೆವು. ಯಾರಿಗೂ ಏನೂ ಆಗಲಿಲ್ಲ. ಅಂದು ನಾನು ದಡದಲ್ಲಿ ನಿಂತು ಕೇಳಿಕೊಂಡದ್ದು "ಹೋಗಬಹುದೇ?" ಎಂದು. "ಮರಳಿ ಬರಬಹುದೇ?" ಎಂದು ಕೇಳಿಕೊಂಡಿದ್ದರೆ ಉತ್ತರ ಬೇರೆಯೇ ಬರುತ್ತಿತ್ತು.

ಹೊರಟ ದಡದಲ್ಲಿ ನೀರು ಅಷ್ಟು ಶಾಂತವಾಗಿದ್ದದ್ದೇಕೆ? ಅಲೆ ಎಬ್ಬಿಸಲು ಗಾಳಿಗೆ ಮೂರು ಬೇಕು: ವೇಗ, ಹೊತ್ತು, ಓಡಲು ಜಾಗ. ಈ ಮೂರನೆಯದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೇವಸ್ಥಾನದ ಕಲ್ಯಾಣಿಯಲ್ಲಿ ತೆಪ್ಪೋತ್ಸವ ನಡೆಯುವಾಗ ನೋಡಿ. ಮೇಲೆ ತೋರಣ ಪಟಪಟ ಹೊಡೆದುಕೊಳ್ಳುತ್ತಿದ್ದರೂ ಕೆಳಗೆ ತೆಪ್ಪ ಕದಲುವುದಿಲ್ಲ. ಸುತ್ತ ಮೆಟ್ಟಿಲು, ಗೋಡೆ. ನೀರಿನ ಮೇಲೆ ಗಾಳಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ದಡ ಬಂದುಬಿಡುತ್ತದೆ. ಕೆರೆಯಲ್ಲಿ ಹಾಗಲ್ಲ. ಗಾಳಿ ಹೊರಡುವ ದಡದಲ್ಲಿ ನೀರು ಸುಕ್ಕುಗಟ್ಟುತ್ತದೆ ಅಷ್ಟೇ. ನೂರು ಮೀಟರ್ ದಾಟಿದರೆ ಕಿರುದೆರೆ. ಒಂದು ಕಿಲೋಮೀಟರ್ ದಾಟಿದ ಮೇಲೆ ಅಲೆ. ಹೊರಟ ದಡದಿಂದ ನೋಡಿದರೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಗಾಗಿ ಇದ್ದದ್ದಕ್ಕಿಂತ ಚಿಕ್ಕದಾಗಿ ತೋರುತ್ತದೆ. ಗಾಳಿ ಬೆನ್ನಿಗೆ ಬೀಸುವ ದೋಣಿಕಟ್ಟೆಯಲ್ಲಿ ನಿಂತು ನೀರನ್ನು ಅಳೆಯುವುದು, ಅಂಗಡಿಯವನ ಬಾಯಿಂದಲೇ ಮಾಲಿನ ಗುಣ ಕೇಳಿದಂತೆ. ಗಾಳಿ ಹೋಗಿ ತಲಪುವ ದಡವನ್ನು ನೋಡಬೇಕು. ಏರಿಯ ಮೇಲೆ ರಸ್ತೆ ಇದ್ದರೆ ಗಾಡಿಯಲ್ಲೇ ಒಮ್ಮೆ ಆಚೆಗೆ ಹೋಗಿ ಬನ್ನಿ, ಐದು ನಿಮಿಷದ ಕೆಲಸ. ಕಲ್ಲುಕಟ್ಟಣೆಗೆ ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತಿದೆ, ಕಲ್ಲು ಎಷ್ಟು ಮೇಲಿನವರೆಗೆ ಒದ್ದೆಯಾಗಿದೆ ಎಂಬುದೇ ಆ ಹೊತ್ತಿನ ಕೆರೆಯ ನಿಜವಾದ ವರದಿ.

ಕಲ್ಲಿಗೆ ಬಡಿದ ಅಲೆ ಅಲ್ಲೇ ಸಾಯುವುದಿಲ್ಲ, ಹಿಂದಿರುಗಿ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಕೂಡಿದಲ್ಲಿ ನೀರು ಕುದಿಯುವ ಎಸರಿನಂತೆ ಎಲ್ಲೆಂದರಲ್ಲಿ ಎದ್ದು ಬೀಳುತ್ತದೆ. ಅದಕ್ಕೆ ದಿಕ್ಕೇ ಇಲ್ಲದ್ದರಿಂದ ದೋಣಿಯ ಮೂತಿಯನ್ನು ಯಾವ ಕಡೆ ಹಿಡಿಯುವುದೆಂದು ತಿಳಿಯುವುದಿಲ್ಲ. ಏರಿಯ ಬುಡ ಮಕ್ಕಳ ದೋಣಿಗೆ ಸಲ್ಲದ ಜಾಗ.

ಈಗ ಸ್ವಲ್ಪ ಲೆಕ್ಕ. ಅಲೆಯ ಎತ್ತರ ಗಾಳಿಯ ವೇಗದ ಜೊತೆಗೆ ಸರಿಸಮನಾಗಿ ಏರುತ್ತದೆ. ಗಾಳಿ ಓಡುವ ಜಾಗ ನಾಲ್ಕು ಪಟ್ಟಾದರೆ ಅಲೆ ಎರಡು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅರ್ಧ ಕಿಲೋಮೀಟರ್ ನೀರಿನ ಮೇಲೆ ಓಡಿದರೆ ಏಳುವ ಅಲೆ ಸುಮಾರು 11 ಸೆಂಟಿಮೀಟರ್, ಅರ್ಧ ಗೇಣು. ಅದೇ ಗಾಳಿ ಎರಡು ಕಿಲೋಮೀಟರ್ ಓಡಿದರೆ 22–23 ಸೆಂಟಿಮೀಟರ್, ಒಂದು ಗೇಣು. ಇದಕ್ಕೆ ಮುಕ್ಕಾಲು ಗಂಟೆ ಸಾಕು. ದೊಡ್ಡ ಅಲೆಗಳ ಸರಾಸರಿ ಇದು. ನೂರಾರು ಅಲೆಗಳ ನಡುವೆ ಒಂದು ಇದರ ಹತ್ತಿರ ಹತ್ತಿರ ಎರಡು ಪಟ್ಟು ಎದ್ದೇ ಏಳುತ್ತದೆ, ನಿಮ್ಮ ದೋಣಿಗೆ ಸಿಗುವುದು ಅದೇ ಆಗಬಹುದು.

ಒಂದು ಗೇಣಿನ ಅಲೆಗೆ ಹೆದರುವುದೇ ಎಂದು ಕಡಲ ಕಡೆಯವರು ನಗಬಹುದು. ಕಡಲಿನ ದೊಡ್ಡ ಅಲೆ ಉದ್ದವಾದದ್ದು. ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಯ ತಲೆಯಿಂದ ತಲೆಗೆ ನೂರೈವತ್ತು ಮೀಟರ್ ಇರುತ್ತದೆ, ದೋಣಿ ಅದರ ಮೇಲೆ ತೊಟ್ಟಿಲಿನಂತೆ ಏರಿ ಇಳಿಯುತ್ತದೆ. ಕೆರೆಯ ಅಲೆ ಕುಳ್ಳ, ಆದರೆ ಕಡಿದು. ಎರಡು ಸೆಕೆಂಡಿನೊಳಗೆ ಒಂದರ ಹಿಂದೆ ಒಂದು, ತಲೆಯಿಂದ ತಲೆಗೆ ನಾಲ್ಕೈದು ಮೀಟರ್. ಬಾಡಿಗೆ ದೋಣಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಮುಂದಿನ ತುದಿ ಒಂದು ಅಲೆ ಹತ್ತುವಾಗ ಹಿಂದಿನ ತುದಿ ಇನ್ನೊಂದರಲ್ಲಿ ಇಳಿದಿರುತ್ತದೆ, ಒಂದು ಕುಲುಕು ನಿಲ್ಲುವ ಮೊದಲು ಇನ್ನೊಂದು. ದೋಣಿ ಅಡ್ಡ ತಿರುಗಿತೋ, ಅಂಚಿನ ಮೇಲಿಂದ ನೀರು ಒಳಗೆ.

ಆದರೆ ಒಂದು ಮಾತು. ನಮ್ಮ ಬಹುಪಾಲು ಕೆರೆಗಳಲ್ಲಿ ಅಲೆ ಕೆಣಕುವ ಮೊದಲೇ ಗಾಳಿ ನಿಮ್ಮನ್ನು ಸೋಲಿಸಿರುತ್ತದೆ. ಗಂಟೆಗೆ 20 ಕಿಲೋಮೀಟರ್ ಗಾಳಿಗೆ ಒಂದು ಕಿಲೋಮೀಟರ್ ಅಗಲದ ಕೆರೆಯಲ್ಲಿ ಏಳುವ ಅಲೆ ಒಂಬತ್ತು ಸೆಂಟಿಮೀಟರ್ ಅಷ್ಟೇ, ನೋಡಲು ಚೆಂದ. ಆದರೆ ಚಾವಣಿ, ಹಂಸದ ಕತ್ತು, ಕುಳಿತ ನಾಲ್ವರು ಎಲ್ಲ ಸೇರಿ ಗಾಳಿಗೆ ಮೂರು ಚದರ ಮೀಟರ್ ಮೈಯೊಡ್ಡಿದರೆ ಐದಾರು ಕಿಲೋ ಭಾರದಷ್ಟು ನೂಕು ಬೀಳುತ್ತದೆ. ಇಬ್ಬರು ಸಾಮಾನ್ಯ ಜನ ತುಳಿಯುವ ಪೆಡಲ್ ಎದುರಿಗೆ ಕೊಡಬಲ್ಲ ಬಲವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಗೆ ಸಮಸಮ, ತುಳಿದಷ್ಟೂ ಇದ್ದಲ್ಲೇ ಇರುತ್ತೀರಿ. ಗಾಳಿಯ ವೇಗ ದುಪ್ಪಟ್ಟಾದರೆ ನೂಕು ದುಪ್ಪಟ್ಟಲ್ಲ, ನಾಲ್ಕು ಪಟ್ಟು. ನಲವತ್ತರ ಗಾಳಿಗೆ ಇಪ್ಪತ್ತೆರಡು ಕಿಲೋ. ಅಂದು ನಮ್ಮ ಕೈಮೀರಿದ್ದು ಈ ಲೆಕ್ಕ. ಹರಿಗೋಲಿನ ಪಾಡೂ ಬೇರೆಯಲ್ಲ. ಚಾವಣಿ ಇಲ್ಲ ನಿಜ, ಆದರೆ ತಳ ಚಪ್ಪಟೆ, ನೀರನ್ನು ಕಚ್ಚಿ ಹಿಡಿಯುವ ಏಣು ಇಲ್ಲ. ನುರಿತವನ ಹುಟ್ಟು ತಪ್ಪಿದರೆ ಬುಗುರಿ.

ಗಾಳಿಯ ವೇಗ ಅಳೆಯಲು ಯಂತ್ರ ಬೇಕಿಲ್ಲ. 1805ರಲ್ಲಿ ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿ ಕಣ್ಣಳತೆಯ ಮಾಪನವೊಂದನ್ನು ಮಾಡಿದ. ಅದನ್ನು ನಮ್ಮ ಏರಿಯ ಮೇಲೆ ತಂದು ನಿಲ್ಲಿಸಿದರೆ ಹೀಗೆ. ಮುಖಕ್ಕೆ ಗಾಳಿ ತಿಳಿಯುತ್ತದೆ, ಎಲೆ ಸರಸರ ಎನ್ನುತ್ತದೆ ಎಂದರೆ ಹನ್ನೊಂದು ಕಿಲೋಮೀಟರಿನೊಳಗೆ. ಇದನ್ನು ಹೊಂಗೆಯಲ್ಲಿ ನೋಡಿ. ಅರಳಿಯನ್ನು ಕೇಳಬೇಡಿ, ಅದು ಯಾರಾದರೂ ನಿಟ್ಟುಸಿರು ಬಿಟ್ಟರೂ ಅಲುಗುತ್ತದೆ. ಎಲೆಯ ಜೊತೆ ಕಿರುಕಡ್ಡಿಗಳೂ ಬಿಡದೆ ಆಡುತ್ತಿದ್ದರೆ, ಅಂಗಡಿಯ ಮುಂದಿನ ಬಾವುಟ ಬಿಚ್ಚಿಕೊಂಡಿದ್ದರೆ, ಹನ್ನೆರಡರಿಂದ ಹತ್ತೊಂಬತ್ತು. ಧೂಳು, ಕಡಲೆಕಾಯಿ ತಿಂದು ಎಸೆದ ಕಾಗದ ಎದ್ದು ಓಡುತ್ತಿದ್ದರೆ ಇಪ್ಪತ್ತು ದಾಟಿದೆ. ನೀಲಗಿರಿಯ ಎಳೆ ಗಿಡಗಳು ಬುಡಸಮೇತ ತೂಗಾಡುತ್ತಿದ್ದರೆ ಇಪ್ಪತ್ತೊಂಬತ್ತರ ಮೇಲೆ. ಕೊಡೆ ಹಿಡಿಯಲು ಕಷ್ಟವಾದರೆ ನಲವತ್ತರ ಆಸುಪಾಸು.

ನನ್ನ ಗೆರೆ ಇದು: ಹನ್ನೆರಡರವರೆಗೆ ಮಕ್ಕಳ ಜೊತೆ ನಿರಾಳ. ಅಲ್ಲಿಂದ ಇಪ್ಪತ್ತರವರೆಗೆ, ಮೋಟಾರು ಇದ್ದು ನಡೆಸುವವನು ಬಲ್ಲವನಾಗಿದ್ದರೆ, ದಡದ ಹತ್ತಿರ ಮಾತ್ರ. ಕಾಗದ ಹಾರಿತೋ, ಟಿಕೆಟಿನ ಹಣ ಹೋದರೂ ಹೋಗಲಿ. ನೀರೂ ಅಷ್ಟರಲ್ಲೇ ಹೇಳಿರುತ್ತದೆ. ಅಲೆಯ ತಲೆ ಅಲ್ಲಲ್ಲಿ ಒಡೆದು ಬಿಳಿ ನೊರೆ ಕಂಡರೆ ಅದು ಸಣ್ಣ ದೋಣಿಗೆ ತೋರಿಸಿದ ಬಾವುಟ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಆ ಗಾದೆ ರಾಗಿ ಕಣದ್ದು. ಕಣದಲ್ಲಿ ಹೊಟ್ಟು ಹಾರಿಸುವಂಥ ಗಾಳಿ ಇದ್ದಾಗ ದೋಣಿಯನ್ನು ಗೂಟಕ್ಕೆ ಕಟ್ಟಿರಬೇಕು.

ಮೊಬೈಲಿನಲ್ಲಿ ಕಾಣುವ ವೇಗ ಕೆಲವು ನಿಮಿಷಗಳ ಸರಾಸರಿ, ಅದೂ ನೆಲದಿಂದ ಹತ್ತು ಮೀಟರ್ ಎತ್ತರದ್ದು. ನಡುನಡುವೆ ಬರುವ ಬೀಸು ಅದಕ್ಕಿಂತ ಒಂದೂವರೆ ಪಟ್ಟು ಇರುವುದು ಮಾಮೂಲು. ಬೆಟ್ಟದ ಮಗ್ಗುಲಲ್ಲಿ ಇನ್ನೂ ಚಂಚಲ. ಕೋಲಾರದ ಪಡುವಣಕ್ಕೆ ಅಂತರಗಂಗೆಯ ಶತಶೃಂಗ ಬೆಟ್ಟಸಾಲಿದೆ. ಪಡುವಲ ಗಾಳಿಗೆ ಬೆಟ್ಟ ಅಡ್ಡ ಇದೆಯಲ್ಲ, ಕೆಳಗಿನ ಕೆರೆಗೆ ಆಸರೆ ಎಂದು ಅನಿಸುತ್ತದೆ. ಬೆಟ್ಟ ಗಾಳಿಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಮುರಿಯುತ್ತದೆ. ಎರಡು ನಿಮಿಷ ಏನೂ ಇಲ್ಲ, ಆಮೇಲೆ ಸಂದಿನಿಂದ ನುಗ್ಗಿದಂತೆ ಒಂದು ಬೀಸು. ನೀರಿನ ಮೇಲೆ ಕಪ್ಪು ಚಾಪೆ ಹಾಸಿಕೊಂಡು ಬಂದಂತೆ ಅದು ಕಾಣುತ್ತದೆ. ಆ ಚಾಪೆ ನಿಮ್ಮ ಕಡೆ ಬರುತ್ತಿದ್ದರೆ ಮಕ್ಕಳನ್ನು ಕೂರಿಸಿ.

ಹೊತ್ತಿನ ವಿಷಯ ಸುಲಭ. ರಾತ್ರಿ ನೆಲ ತಣಿದಾಗ ಮೇಲಿನ ಗಾಳಿ ಮೇಲೆಯೇ ಉಳಿಯುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ಮೇಲೆ ಕೆಳಗೆ ಕಲೆಸಿಕೊಂಡು ಆ ವೇಗ ನೀರಿಗೆ ಇಳಿಯುತ್ತದೆ. ಬೆಳಿಗ್ಗೆ ಏಳರಿಂದ ಹತ್ತು ಕೆರೆಯ ಒಳ್ಳೆಯ ಹೊತ್ತು. ಮಧ್ಯಾಹ್ನ ಎರಡರಿಂದ ನಾಲ್ಕು ಕೆಟ್ಟದ್ದು. ದೋಣಿವಿಹಾರದ ಕಿಟಕಿ ತೆರೆಯುವುದು ಮಾತ್ರ ಸಾಮಾನ್ಯವಾಗಿ ಹತ್ತಕ್ಕೆ! ಕಾಲದ ಲೆಕ್ಕದಲ್ಲಿ ಮುಂಗಾರಿನ ಪಡುವಲ ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ ಜೋರು. ಆಷಾಢದಲ್ಲಿ ಬೆಳಿಗ್ಗೆಯೂ ಬಿಡುವು ಕೊಡುವುದಿಲ್ಲ. ಮಳೆಗಾಲ ಮುಗಿದು ನವೆಂಬರ್ ಕಳೆದ ಮೇಲೆ ಮೂಡಲ ಗಾಳಿ ಮೆದು, ಕೆರೆಯೂ ತುಂಬಿರುತ್ತದೆ.

ಆದರೆ ನನಗೆ ಆಷಾಢಕ್ಕಿಂತ ಭಯ ಏಪ್ರಿಲ್–ಮೇ. ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿದರೆ ಹೇಳುತ್ತಾರೆ, ಫಸಲು ಉದುರಿಸುವುದು ಮಳೆಯಲ್ಲ, ಮಳೆಗೆ ಮುಂಚಿನ ಗಾಳಿ. ದಿನವಿಡೀ ಎಲೆ ಅಲುಗದ ಸೆಕೆ. ಮೂರು ಗಂಟೆಗೆ ದೂರದಲ್ಲಿ ಹೂಕೋಸಿನಂತೆ ಮೋಡ ಮೇಲೇಳುತ್ತದೆ, ಬುಡ ಕಪ್ಪಾಗುತ್ತದೆ. ಆ ಮೋಡದೊಳಗೆ ಮಳೆ ಬೀಳುತ್ತ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಭಾರವಾಗಿ ಕೆಳಗೆ ಧುಮುಕಿ, ನೆಲಕ್ಕೆ ಬಡಿದು, ಬಿಂದಿಗೆ ನೀರು ಅಂಗಳದಲ್ಲಿ ಚೆಲ್ಲಿದಂತೆ ಸುತ್ತಲೂ ಹರಡುತ್ತದೆ. ಹೀಗೆ ಹರಡುವ ಗಾಳಿ ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡುತ್ತದೆ, ಐವತ್ತು ಅರವತ್ತರ ವೇಗ ಅದಕ್ಕೆ ದೊಡ್ಡದಲ್ಲ. ಸೆಕೆಯಲ್ಲಿ ಥಟ್ಟನೆ ತಂಪು, ಗಾಳಿಯ ದಿಕ್ಕು ಬದಲು, ಮಣ್ಣಿನ ವಾಸನೆ: "ಆಹಾ, ಹಾಯಾಗಿದೆ" ಎಂದು ಎಲ್ಲರೂ ಹೇಳುವ ಆ ಗಳಿಗೆಯಲ್ಲಿ ದೋಣಿ ನೀರಿನಲ್ಲಿ ಇರಬಾರದು.

ಗುಡುಗು ಕೇಳಿದರೆ ಲೆಕ್ಕ ಹಾಕಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಾದರೆ ಮಳೆ ಹತ್ತು ಕಿಲೋಮೀಟರ್ ದೂರದಲ್ಲಿದೆ. ಅದರ ಗಾಳಿ ನಲವತ್ತರ ವೇಗದಲ್ಲಿ ಬಂದರೆ ಹದಿನೈದು ನಿಮಿಷ. ನೀವು ಕೆರೆಯ ನಡುವೆ ದಡದಿಂದ ಅರ್ಧ ಕಿಲೋಮೀಟರಿನಲ್ಲಿದ್ದು ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಪೆಡಲ್ ತುಳಿದರೆ ಏಳೆಂಟು ನಿಮಿಷ, ಅದೂ ಎದುರುಗಾಳಿ ಇಲ್ಲದಿದ್ದರೆ. ಇನ್ನೊಂದು ಸೆಲ್ಫಿಗೆ ಸಮಯವಿಲ್ಲ. ಬಯಲು ನೀರಿನಲ್ಲಿ ನೀವೇ ಎತ್ತರದ ವಸ್ತು, ಸಿಡಿಲಿನ ಭಯವೂ ಇದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ನೀರಿಗೆ ಇಳಿಯಬಾರದು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಯ ಮುನ್ಸೂಚನೆ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು', ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್‌ಗಳು ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುತ್ತವೆ. ಬೆಳಿಗ್ಗೆ ನೋಡಿದ ಮುನ್ಸೂಚನೆ ಮೇ ತಿಂಗಳ ಮಧ್ಯಾಹ್ನಕ್ಕೆ ಹಳಸಿದ ಅನ್ನ; ಟಿಕೆಟ್ ಸಾಲಿನಲ್ಲಿ ನಿಂತು ಇನ್ನೊಮ್ಮೆ ನೋಡಬೇಕು.

ಇನ್ನು ದೋಣಿ. ಎಲ್ಲರೂ ಕುಳಿತ ಮೇಲೆ, ಹಗ್ಗ ಬಿಚ್ಚುವ ಮೊದಲು, ದೋಣಿಯ ಅಂಚಿನಿಂದ ನೀರಿನವರೆಗೆ ಗೇಣು ಹಾಕಿ. ಅತ್ಯಂತ ತಗ್ಗಾಗಿರುವ ಕಡೆ ಒಂದೂವರೆ ಗೇಣು ಇಲ್ಲದಿದ್ದರೆ ನಾನು ಇಳಿಯುತ್ತೇನೆ. ಒಂದು ಗೇಣಿನ ಅಲೆ ಎರಡಾಗುವ ಲೆಕ್ಕ ಮೇಲೆ ಹೇಳಿದೆನಲ್ಲ. ಒಳಗೆ ಬಂದ ನೀರು ಕಾಣುವುದಕ್ಕಿಂತ ಭಾರ. ಮೂರು ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ತಳದಲ್ಲಿ ಪಾದ ಮುಳುಗದಷ್ಟು, ಐದು ಸೆಂಟಿಮೀಟರ್ ನೀರು ನಿಂತರೂ ನೂರ ಎಂಬತ್ತು ಕಿಲೋ ದಾಟುತ್ತದೆ. ಅಂದರೆ ಮೂವರು ದೊಡ್ಡವರು ಹತ್ತಿ ಕುಳಿತಂತೆ, ಅದೂ ಸುಮ್ಮನೆ ಕೂರದ ಮೂವರು. ದೋಣಿ ಎಡಕ್ಕೆ ವಾಲಿದರೆ ಅವರೂ ಎಡಕ್ಕೇ ಓಡುತ್ತಾರೆ.

2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅದು ಬಿರುಗಾಳಿಯ ಕತೆಯಲ್ಲ. ದೋಣಿ ಹೊರಬೇಕಾದದ್ದಕ್ಕಿಂತ ಹೆಚ್ಚು ಜನರನ್ನು ಹೊತ್ತಿತ್ತು, ಬಹಳ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಊರ ನಡುವಿನ ಕೆರೆ, ಹಗಲು ಹೊತ್ತು. ಜಾಕೆಟ್ ಸೀಟಿನ ಕೆಳಗಿದೆ ಎನ್ನುವವರ ದೋಣಿ ಬೇಡ. ಮಗುವಿಗೆ ಮಗುವಿನ ಅಳತೆಯದೇ ಆಗಬೇಕು. ತೊಡಿಸಿ, ಬಕಲ್ ಹಾಕಿ, ಭುಜದ ಬಳಿ ಹಿಡಿದು ಮೇಲೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದು ಮಗು ಕೆಳಗೇ ಉಳಿದರೆ ನೀರಿನಲ್ಲೂ ಹಾಗೇ ಆಗುತ್ತದೆ. ಕಾಲ ಸಂದಿನ ಪಟ್ಟಿ ಇರುವುದು ಅದಕ್ಕೇ.

ಹೊರಡುವ ದಿಕ್ಕನ್ನೂ ಆರಿಸಿಕೊಳ್ಳಬಹುದು. ಮೊದಲು ಗಾಳಿಗೆ ಎದುರಾಗಿ ಹೋಗಿ. ಕಷ್ಟ ಎನಿಸಿದರೆ ಬಿಟ್ಟುಬಿಡಿ, ಗಾಳಿಯೇ ದೋಣಿಕಟ್ಟೆಗೆ ತಂದು ಬಿಡುತ್ತದೆ. ದೋಣಿಕಟ್ಟೆಯೇ ಗಾಳಿ ಹೊರಡುವ ದಡದಲ್ಲಿದ್ದು ಬೇರೆ ದಾರಿಯಿಲ್ಲದಿದ್ದರೆ, ದಡದಿಂದ ಕಲ್ಲೆಸೆತದಷ್ಟು ದೂರದಲ್ಲೇ ಸುತ್ತಿ ಬನ್ನಿ. ಅಷ್ಟರ ಮೇಲೂ ಸಿಕ್ಕಿಕೊಂಡರೆ ಗಾಳಿಯೊಡನೆ ಹಟ ಬೇಡ. ಎಲ್ಲರೂ ತಳದಲ್ಲಿ ಕೂರಲಿ, ಮೂತಿಯನ್ನು ಅಲೆಗೆ ಓರೆಯಾಗಿ ಹಿಡಿಯಿರಿ, ಕಲ್ಲುಕಟ್ಟಣೆ ಇಲ್ಲದ ದಡ ಯಾವುದಿದೆಯೋ ಅಲ್ಲಿಗೆ ತೇಲಿಹೋಗಿ. ಮಗುಚಿದರೆ ದೋಣಿಯನ್ನೇ ಹಿಡಿದುಕೊಂಡಿರಬೇಕು, ಈಜಲು ಹೊರಡಬಾರದು. ನಮ್ಮ ಕೆರೆಗಳ ತಳದಲ್ಲಿ ಮುಳುಗಿದ ಜಾಲಿ ಮರಗಳಿವೆ, ಹೂಳು ಮತ್ತು ಮಣ್ಣು ತೆಗೆದ ಗುಂಡಿಗಳಿವೆ. ಒಂದು ಹೆಜ್ಜೆಗೆ ಮೊಣಕಾಲಿದ್ದ ನೀರು ಮುಂದಿನ ಹೆಜ್ಜೆಗೆ ತಲೆಯ ಮೇಲಿರುತ್ತದೆ. ಸಂಸ್ಕರಿಸಿದ ನೀರು ಬಂದು ತುಂಬುವ ಕೆರೆಗಳಲ್ಲಂತೂ ಮಕ್ಕಳು ಕೈಯದ್ದಿ ಆಡುವುದೂ ಬೇಡ. ಅದು ಅಂತರ್ಜಲಕ್ಕೆಂದು ಹರಿಸಿದ ನೀರು, ಬಾಯಿಗೆ ಹೋಗುವಂಥದ್ದಲ್ಲ.

ಈ ವರ್ಷದ ಆಷಾಢದಲ್ಲೂ ಅದೇ ಕೆರೆಗೆ ಹೋಗಿದ್ದೆವು. ದೋಣಿಕಟ್ಟೆಯಲ್ಲಿ ನೀರು ಮತ್ತೆ ತಟ್ಟೆಯಲ್ಲಿ ಹಿಡಿದಂತಿತ್ತು. ಮೊದಲು ಏರಿಗೆ ಗಾಡಿ ಓಡಿಸಿದೆ. ಕಲ್ಲು ಮೂರು ವರಸೆ ಮೇಲಿನವರೆಗೆ ಒದ್ದೆಯಾಗಿತ್ತು. ಮಕ್ಕಳ ಮುಖ ಸಪ್ಪಗಾಯಿತು. ಡಿಕ್ಕಿಯಲ್ಲಿ ಗಾಳಿಪಟ, ಒಂದು ಉಂಡೆ ದಾರ ಇಟ್ಟುಕೊಂಡಿದ್ದೆ. ಏರಿಯ ಮೇಲೆ ನಿಂತು ಬಿಟ್ಟರೆ ಓಡುವ ಅಗತ್ಯವೇ ಬೀಳಲಿಲ್ಲ, ಕೈಯಿಂದ ಕಿತ್ತುಕೊಂಡು ಹೋಯಿತು. ದೊಡ್ಡವನು ದಾರ ಬಿಡುತ್ತ, ಬಾಲಂಗೋಚಿ ನೆಟ್ಟಗೆ ಮೂಡಲಿಗೆ ನಿಂತದ್ದನ್ನು ನೋಡಿ, "ಮಾಮ, ಇವತ್ತು ದೋಣಿ ಹತ್ತಿದ್ದರೆ ನಾವು ಮತ್ತೆ ಇಲ್ಲಿಗೇ ಬರುತ್ತಿದ್ದೆವು ಅಲ್ಲವೇ?" ಎಂದ. ಚಿಕ್ಕವಳು ಆ ಜಾಲಿ ಗಿಡ ಯಾವುದೆಂದು ಹುಡುಕುತ್ತಿದ್ದಳು.